ಗಾಲ್ಫ್ ಕ್ಲಬ್ಬಿನ ತೂಕ ಕೈಗೆ ಹೊಂದದಿದ್ದರೆ: ದೋಷ ಪತ್ತೆ ಮತ್ತು ಪರಿಹಾರ

ಗ್ರಿಪ್ (ಹಿಡಿಕೆಯ ರಬ್ಬರ್ ಹೊದಿಕೆ) ಬದಲಿಸಿದ ಮೇಲೆ ಹೆಡ್ (ಚೆಂಡಿಗೆ ತಾಗುವ ತಲೆಭಾಗ) ಎಲ್ಲಿದೆ ಎಂದೇ ಕೈಗೆ ತಿಳಿಯುತ್ತಿಲ್ಲ. ಹೊಸ ಶಾಫ್ಟ್ (ನಡುವಿನ ಉದ್ದ ಕೋಲು) ಹಾಕಿಸಿದ ಡ್ರೈವರ್ (ಅತಿ ದೂರ ಹೊಡೆಯುವ ಉದ್ದದ ಕ್ಲಬ್) ಬೆತ್ತದ ಹಾಗೆ ಹಗುರಾಗಿದೆ. ಇಡೀ ಸೆಟ್ಟಿನಲ್ಲಿ 6 ಐರನ್ (ಸಂಖ್ಯೆಯಿಂದ ಗುರುತಿಸುವ, ತೆಳು ಲೋಹದ ಹೆಡ್ಡಿನ ಕ್ಲಬ್ಬುಗಳಲ್ಲಿ ಆರನೆಯದು) ಒಂದೇ ಹೇಳಿದ ಮಾತು ಕೇಳುವುದಿಲ್ಲ. ಇಂಥ ದೂರು ಯಾವುದೇ ಇರಲಿ, ಬಹುತೇಕರು ಮಾಡುವ ಮೊದಲ ಕೆಲಸ ಹೆಡ್ಡಿನ ಹಿಂದೆ ಸೀಸದ ಟೇಪ್ ಅಂಟಿಸುವುದು. ಕೆಲವೊಮ್ಮೆ ಅದರಿಂದ ಸರಿಹೋಗುತ್ತದೆ. ಸರಿಹೋಗದಿದ್ದರೆ ಇನ್ನಷ್ಟು ಟೇಪ್ ಬೀಳುತ್ತದೆ. ಕೊನೆಗೆ ಮೂಲ ದೋಷ ಯಾವುದು, ನಾವು ಸೇರಿಸಿದ ದೋಷ ಯಾವುದು ಎಂದು ಬಿಡಿಸಲಾಗದ ಸ್ಥಿತಿ ಬರುತ್ತದೆ.

ಹಾಗಾಗಿ ಇಲ್ಲಿನ ಕ್ರಮದ ಮುಖ್ಯ ಮಾತು ಒಂದೇ: ತೂಕ ಎಲ್ಲಿ ಬದಲಾಗಿದೆಯೋ ಅಲ್ಲೇ ಸರಿಪಡಿಸಬೇಕು. ಗ್ರಿಪ್ಪಿನಲ್ಲಿ ಆದ ಬದಲಾವಣೆಯನ್ನು ಹೆಡ್ಡಿನಲ್ಲಿ ಸರಿದೂಗಿಸಿದರೆ ತೂಕದ ಹಂಚಿಕೆ ಅಳೆಯುವ ಮಾಪಕದ ಸಂಖ್ಯೆ ಹಳೆಯದೇ ಬರಬಹುದು, ಕ್ಲಬ್ ಮಾತ್ರ ಹಳೆಯದಾಗುವುದಿಲ್ಲ.

ತೂಕವೇ ಕಾರಣವೇ?

ಮಾಪಕ ಮುಟ್ಟುವ ಮೊದಲು ಮೂರು ಸಂಗತಿ ನೋಡಿ. ಮೂರೂ ತೂಕದ ದೋಷದ ವೇಷ ಹಾಕಿಕೊಂಡು ಬರುತ್ತವೆ.

ಮೊದಲನೆಯದು ಗ್ರಿಪ್ಪಿನ ಮೇಲ್ಮೈ. ರಬ್ಬರ್ ಹೊಳಪೇರಿ ಗಟ್ಟಿಯಾಗಿದ್ದರೆ ಕೈ ತನಗೆ ತಾನೇ ಬಿಗಿ ಹಿಡಿಯುತ್ತದೆ. ಮುಂಗೈ ಬಿಗಿದಾಗ ಹೆಡ್ಡಿನ ಭಾರ ಬೆರಳಿಗೆ ತಿಳಿಯುವುದಿಲ್ಲ, ‘ಕ್ಲಬ್ ಹಗುರಾಯಿತು’ ಅನ್ನಿಸುತ್ತದೆ. ಬೆಚ್ಚಗಿನ ಸಾಬೂನು ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ ಮತ್ತೆ ಹಿಡಿದು ನೋಡಿ. ತೊಳೆಯುವಾಗ ಗ್ರಿಪ್ ತುದಿಯ ಸಣ್ಣ ರಂಧ್ರವನ್ನು ಬೆರಳಿನಿಂದ ಮುಚ್ಚಿಕೊಳ್ಳಿ. ಅದರ ಮೂಲಕ ಸ್ಟೀಲ್ ಶಾಫ್ಟಿನೊಳಗೆ ನೀರು ಇಳಿದರೆ ಒಳಗೇ ತುಕ್ಕು ಹಿಡಿಯುತ್ತದೆ.

ಎರಡನೆಯದು ಗ್ರಿಪ್ಪಿನ ದಪ್ಪ. ಒಳಗೆ ಸುತ್ತಿದ ಟೇಪ್ ಎರಡು ಪದರ ಹೆಚ್ಚಾದರೂ ಕೆಳಗಿನ ಕೈಯ ಹಿಡಿತ ಬದಲಾಗುತ್ತದೆ, ಮಣಿಕಟ್ಟಿನ ಚಲನೆ ನಿಧಾನವಾಗುತ್ತದೆ. ಆಟಗಾರನಿಗೆ ಅದು ಹೆಡ್ ಭಾರವಾದಂತೆ ತೋರುತ್ತದೆ.

ಮೂರನೆಯದು ಉದ್ದ. ಕ್ಲಬ್ಬನ್ನು ಆಡುವ ಭಂಗಿಯಲ್ಲೇ ನೆಲದ ಮೇಲೆ ಇಟ್ಟು, ಶಾಫ್ಟಿನ ಹಿಂಬದಿಗೆ ತಾಗಿಸಿ ಅಳತೆಪಟ್ಟಿ ಹಿಡಿದು, ನೆಲದಿಂದ ಗ್ರಿಪ್ ಟೋಪಿಯ ಅಂಚಿನವರೆಗೆ ಅಳೆಯಿರಿ. ಐರನ್ ಸೆಟ್ಟಿನಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಅರ್ಧ ಇಂಚು, ಅಂದರೆ 1.27 ಸೆಂ.ಮೀ. ವ್ಯತ್ಯಾಸ ಇರಬೇಕು. ಒಂದು ಕ್ಲಬ್ ಈ ಸಾಲಿನಿಂದ ಅರ್ಧ ಸೆಂ.ಮೀ. ಆಚೀಚೆ ಇದ್ದರೆ ಅರ್ಧ ಉತ್ತರ ಸಿಕ್ಕಂತೆಯೇ.

ಅಳತೆ

ಬೇಕಾಗುವ ಸಾಮಾನು ಕಡಿಮೆ. 1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಟೇಪಿನ ತುಣುಕು ಮತ್ತು ಸ್ಕ್ರೂ ತೂಗಲು 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಮಿ.ಮೀ. ಗುರುತಿರುವ 1 ಮೀಟರ್ ಪಟ್ಟಿ, ಸಮತೋಲ ನೋಡಲು ಮೇಜಿಗೆ ನೆಟ್ಟಗೆ ಬಿಗಿದ ತೆಳು ಅಂಚಿನ ಲೋಹದ ಪಟ್ಟಿ. ಸ್ವಿಂಗ್ ವೇಟ್ ಮಾಪಕ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಇಲ್ಲದಿದ್ದರೂ ಏನೂ ನಿಲ್ಲುವುದಿಲ್ಲ.

ಸ್ವಿಂಗ್ ವೇಟ್ ಎಂಬ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದೂ ತಿಳಿಯುತ್ತದೆ. 1920ರ ದಶಕದಲ್ಲಿ ಅಮೆರಿಕದ ರಾಬರ್ಟ್ ಆ್ಯಡಮ್ಸ್ ರೂಪಿಸಿದ ಮಾಪಕದಲ್ಲಿ ಗ್ರಿಪ್ ತುದಿಯಿಂದ 14 ಇಂಚು, ಅಂದರೆ 35.56 ಸೆಂ.ಮೀ. ದೂರದಲ್ಲಿ ಒಂದು ಆಧಾರ ಬಿಂದು ಇದೆ. ಆ ಬಿಂದುವಿನ ಮೇಲೆ ಕ್ಲಬ್ ಇಟ್ಟಾಗ ಹೆಡ್ ಕಡೆಗೆ ಎಷ್ಟು ವಾಲುತ್ತದೆ ಎಂಬುದೇ ಸ್ವಿಂಗ್ ವೇಟ್. ಎ, ಬಿ, ಸಿ, ಡಿ ಹೀಗೆ ಅಕ್ಷರ, ಪ್ರತಿ ಅಕ್ಷರದಲ್ಲಿ 0ಯಿಂದ 9ರವರೆಗೆ ಅಂಕ. ಸಿ9 ಆದ ಮೇಲೆ ಡಿ0. ಅಂಗಡಿಯಲ್ಲಿ ಸಿಗುವ ಪುರುಷರ ಸೆಟ್ಟುಗಳು ಸಾಮಾನ್ಯವಾಗಿ ಡಿ0ಯಿಂದ ಡಿ3ರ ನಡುವೆ ಇರುತ್ತವೆ, ಮಹಿಳೆಯರ ಸೆಟ್ಟುಗಳು ಸಿ ಸಾಲಿನಲ್ಲಿ.

ಮಾಪಕ ಇಲ್ಲದವರು ಹೀಗೆ ಲೆಕ್ಕ ಹಾಕಿ. ಕ್ಲಬ್ಬಿನ ಒಟ್ಟು ತೂಕ ಗ್ರಾಂನಲ್ಲಿ ಬರೆದುಕೊಳ್ಳಿ. ಅದನ್ನು ಲೋಹದ ಅಂಚಿನ ಮೇಲೆ ಅಡ್ಡ ಇಟ್ಟು ಸಮತೋಲ ನಿಲ್ಲುವ ಜಾಗ ಹುಡುಕಿ, ಗ್ರಿಪ್ ತುದಿಯಿಂದ ಅಲ್ಲಿಗೆ ಎಷ್ಟು ಸೆಂ.ಮೀ. ಎಂದು ಅಳೆಯಿರಿ. ಆ ದೂರದಿಂದ 35.56 ಕಳೆಯಿರಿ. ಬಂದದ್ದನ್ನು ತೂಕದಿಂದ ಗುಣಿಸಿ. ಗುಣಲಬ್ಧ 15,374 ಬಂದರೆ ಡಿ0. ಅದಕ್ಕಿಂತ ಹೆಚ್ಚಿದ್ದರೆ ಪ್ರತಿ 126ಕ್ಕೆ ಒಂದು ಅಂಕ ಮೇಲೆ, ಕಡಿಮೆಯಿದ್ದರೆ ಪ್ರತಿ 126ಕ್ಕೆ ಒಂದು ಅಂಕ ಕೆಳಗೆ.

ಉದಾಹರಣೆಗೆ 420 ಗ್ರಾಂ ತೂಗುವ 7 ಐರನ್ 72.8 ಸೆಂ.ಮೀ.ನಲ್ಲಿ ಸಮತೋಲ ನಿಂತಿತು ಎನ್ನಿ. 72.8ರಿಂದ 35.56 ಕಳೆದರೆ 37.24. ಅದನ್ನು 420ರಿಂದ ಗುಣಿಸಿದರೆ 15,641. ಡಿ0ಗಿಂತ 267 ಹೆಚ್ಚು. 126ರಿಂದ ಭಾಗಿಸಿದರೆ 2ಕ್ಕೆ ಸ್ವಲ್ಪ ಮೇಲೆ, ಅಂದರೆ ಡಿ2.

ಇಲ್ಲಿ ತಪ್ಪುವ ಜಾಗ ಸಮತೋಲ ಬಿಂದು. ಈ ಕ್ಲಬ್ಬಿನಲ್ಲಿ 3 ಮಿ.ಮೀ. ತಪ್ಪಿದರೆ ಒಂದು ಅಂಕವೇ ತಪ್ಪುತ್ತದೆ. ಆದ್ದರಿಂದ ಅಂಚಿನ ಮೇಲೆ ಎರಡೂ ಕಡೆ ವಾಲಿಸಿ ನೋಡಿ, ನಡುವಿನ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ. ಹೆಡ್ಡಿನ ಗೆರೆಗಳಲ್ಲಿ ಒಣಗಿ ಕೂತ ಮಣ್ಣನ್ನು ಮೊದಲೇ ತೆಗೆಯಿರಿ, ಅದೂ ತಕ್ಕಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹೊಸದಾಗಿ ಗ್ರಿಪ್ ಹಾಕಿದ ಕ್ಲಬ್ಬನ್ನು ಅದೇ ದಿನ ಅಳೆಯಬೇಡಿ. ಒಳಗಿನ ದ್ರಾವಕ ಆರಲು ಒಂದು ರಾತ್ರಿ ಬಿಡಿ.

ಒಂದೇ ಕ್ಲಬ್ಬಿನ ಮೇಲೆ ದೂರಿದ್ದರೂ ಇಡೀ ಸೆಟ್ ಅಳೆಯಿರಿ. ಉದ್ದ, ಒಟ್ಟು ತೂಕ, ಸಮತೋಲ ಬಿಂದು, ಸ್ವಿಂಗ್ ವೇಟ್, ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಐರನ್‌ಗಳಲ್ಲಿ ಒಂದೊಂದು ಅರ್ಧ ಇಂಚು ಕಡಿಮೆಯಾದಂತೆ ಹೆಡ್ ಸುಮಾರು 7 ಗ್ರಾಂ ಹೆಚ್ಚುತ್ತಾ ಹೋಗುವುದು ವಾಡಿಕೆ. ಒಟ್ಟು ತೂಕವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಏರಬೇಕು. ಈ ಏರಿಕೆ ಎಲ್ಲಿ ಮುರಿಯುತ್ತದೆಯೋ ಅಲ್ಲಿ ಬೆರಳಿಡಿ. ವೆಜ್‌ಗಳು (ಹತ್ತಿರದ ಹೊಡೆತಕ್ಕೆ ಬಳಸುವ ಗಿಡ್ಡ ಕ್ಲಬ್ಬುಗಳು) ಐರನ್‌ಗಳಿಗಿಂತ 2ರಿಂದ 4 ಅಂಕ ಮೇಲಿದ್ದರೆ ಅದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ.

ಒಂದೇ ಸಂಖ್ಯೆ, ಎರಡು ಬೇರೆ ಕ್ಲಬ್

ಲೆಕ್ಕದಲ್ಲಿ ಆಗಾಗ ಬೇಕಾಗುವ ಅಂದಾಜುಗಳು ಇವು:

ಹೆಡ್ಡಿಗೆ ಸುಮಾರು 2 ಗ್ರಾಂ ಸೇರಿಸಿದರೆ ಒಂದು ಅಂಕ ಏರುತ್ತದೆ. ಉದ್ದದ ಡ್ರೈವರ್‌ನಲ್ಲಿ 1.6 ಗ್ರಾಂ ಸಾಕು, 7 ಐರನ್‌ಗೆ 2.2 ಗ್ರಾಂ ಬೇಕು.
ಗ್ರಿಪ್ 5 ಗ್ರಾಂ ಭಾರವಾದರೆ ಒಂದು ಅಂಕ ಇಳಿಯುತ್ತದೆ, ಹಗುರಾದರೆ ಒಂದು ಅಂಕ ಏರುತ್ತದೆ.
ಶಾಫ್ಟ್ 9 ಗ್ರಾಂ ಹಗುರಾದರೆ ಸುಮಾರು ಒಂದು ಅಂಕ ಇಳಿಯುತ್ತದೆ.
ಸ್ಟೀಲ್ ಶಾಫ್ಟಿನ ಐರನ್‌ನಲ್ಲಿ ಗ್ರಿಪ್ ಕಡೆಯಿಂದ ಅರ್ಧ ಇಂಚು ಕತ್ತರಿಸಿದರೆ ಸುಮಾರು 3 ಅಂಕ ಇಳಿಯುತ್ತದೆ, ಹಗುರ ಗ್ರಾಫೈಟ್ ಡ್ರೈವರ್‌ನಲ್ಲಿ 2ರಿಂದ 2.5.

ಈಗ 50 ಗ್ರಾಂ ಗ್ರಿಪ್ ತೆಗೆದು 65 ಗ್ರಾಂನ ದಪ್ಪ ಗ್ರಿಪ್ ಹಾಕಿದ 7 ಐರನ್ ತೆಗೆದುಕೊಳ್ಳಿ. 15 ಗ್ರಾಂ ಹೆಚ್ಚಾದದ್ದಕ್ಕೆ ಡಿ2 ಇದ್ದದ್ದು ಸಿ9ಕ್ಕೆ ಇಳಿಯಿತು. ಮತ್ತೆ ಡಿ2 ಬರಬೇಕೆಂದು ಹೆಡ್ಡಿಗೆ ಸುಮಾರು 6.5 ಗ್ರಾಂ ಸೀಸ ಸೇರಿಸಿದರೆ ಮಾಪಕ ಒಪ್ಪುತ್ತದೆ. ಆದರೆ ಬೀಸುವಾಗ ಕೈ ಎದುರಿಸುವುದು 14 ಇಂಚಿನ ಆಧಾರ ಬಿಂದುವನ್ನಲ್ಲ, ಗ್ರಿಪ್ ತುದಿಯ ಸುತ್ತ ತಿರುಗುವ ಇಡೀ ಕ್ಲಬ್ಬಿನ ಜಡತ್ವವನ್ನು. ಎಂಒಐ ಎಂದು ಕರೆಯುವ ಆ ಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೈಯ ಕೆಳಗೆ, ತುದಿಯಿಂದ ಬರೀ 10 ಸೆಂ.ಮೀ. ದೂರದಲ್ಲಿ ಸೇರಿದ 15 ಗ್ರಾಂ ಅದಕ್ಕೆ ಕೂಡಿಸುವುದು 1.5 ಕೆ.ಜಿ.ಸೆಂ.ಮೀ.² ಮಾತ್ರ. ಸಾವಿರದಲ್ಲಿ ಒಂದು ಭಾಗವೂ ಅಲ್ಲ. ಅದೇ 93 ಸೆಂ.ಮೀ. ದೂರದ ಹೆಡ್ಡಿನಲ್ಲಿ ಸೇರಿದ 6.5 ಗ್ರಾಂ ಸುಮಾರು 56 ಕೂಡಿಸುತ್ತದೆ, ಅಂದರೆ ಶೇ. 2ರ ಆಸುಪಾಸು.

ಗ್ರಿಪ್ ಬದಲಿಸಿದಾಗ ಬೀಸುವ ಶ್ರಮ ಬದಲಾಗಿರಲೇ ಇಲ್ಲ, ಬದಲಾದದ್ದು ಮಾಪಕದ ಓದು ಮಾತ್ರ. ಅದನ್ನು ‘ಸರಿಪಡಿಸಲು’ ಹೋಗಿ ನಿಜವಾಗಿಯೂ ಭಾರವಾದ ಕ್ಲಬ್ ತಯಾರಾಯಿತು. ದಪ್ಪ ಗ್ರಿಪ್ ಹಾಕಿ ಟೇಪ್ ಅಂಟಿಸಿದ ಮೇಲೆ ಹದಿನೈದನೇ ಹೋಲ್‌ನಲ್ಲಿ ತೋಳು ಸೋಲುವುದು, ಚೆಂಡಿನ ಹಿಂದೆ ನೆಲ ಬಗೆಯುವುದು, ಬಲಗೈ ಆಟಗಾರನ ಚೆಂಡು ಬಲಕ್ಕೇ ಹೋಗುವುದು, ಇವೆಲ್ಲ ಶುರುವಾದರೆ ಇದೇ ಕಾರಣ ಎಂದು ಮೊದಲು ಶಂಕಿಸಿ.

ಹಾಗೆಂದು ಸ್ವಿಂಗ್ ವೇಟ್ ನಿರುಪಯುಕ್ತ ಅಂತಲ್ಲ. ಒಂದೇ ಶಾಫ್ಟ್, ಒಂದೇ ಗ್ರಿಪ್ ಇರುವ ಸೆಟ್ಟಿನೊಳಗೆ ಕ್ಲಬ್ಬಿಗೆ ಕ್ಲಬ್ ಹೋಲಿಸಲು ಇದಕ್ಕಿಂತ ಸುಲಭದ ಅಳತೆ ಇಲ್ಲ. ಬೇರೆ ಬೇರೆ ಗ್ರಿಪ್ ಅಥವಾ ಶಾಫ್ಟ್ ಇರುವ ಎರಡು ಕ್ಲಬ್ಬುಗಳನ್ನು ಅದರಿಂದ ಹೋಲಿಸಿದಾಗಲೇ ದಾರಿ ತಪ್ಪುವುದು.

ಗ್ರಿಪ್ ಬದಲಿಸಿದ ಮೇಲೆ ದೋಷ ಕಂಡರೆ

ಹಳೆಯ ಗ್ರಿಪ್ಪಿನ ತೂಕ ಬರೆದಿಟ್ಟಿಲ್ಲದಿದ್ದರೆ ಅದೇ ಮಾದರಿಯ ಹೊಸದನ್ನು ತೂಗಿ ನೋಡಿ. ಒಂದೇ ಮಾದರಿಯ ಗ್ರಿಪ್ಪುಗಳಲ್ಲೂ ಒಂದೆರಡು ಗ್ರಾಂ ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ಹೊಸ ಗ್ರಿಪ್ ಹಾಕಿಸುವವರು ಎಲ್ಲವನ್ನೂ ಮೊದಲೇ ತೂಗಿ, ತೂಕದ ಕ್ರಮದಲ್ಲಿ ಜೋಡಿಸಿಕೊಳ್ಳುವುದು ಒಳ್ಳೆಯದು. ಸ್ವಿಂಗ್ ವೇಟ್ ಸ್ವಲ್ಪ ಕಡಿಮೆ ಇರುವ ಕ್ಲಬ್ಬಿಗೆ ಹಗುರವಾದದ್ದು, ಹೆಚ್ಚಿರುವುದಕ್ಕೆ ಭಾರವಾದದ್ದು ಹಾಕಿದರೆ ಒಂದು ಗ್ರಾಂ ಸೀಸವೂ ಬೇಡದೆ ಸೆಟ್ ಹತ್ತಿರ ಬರುತ್ತದೆ.

ಗ್ರಿಪ್ ಭಾರವಾಗಿ ಅಂಕ ಇಳಿದಿದ್ದರೆ ತಕ್ಷಣ ಏನೂ ಮಾಡಬೇಡಿ. ಎರಡು ವಾರ ಹಾಗೇ ಆಡಿ. ಕೈ ಹೊಂದಿಕೊಂಡರೆ ಅಲ್ಲಿಗೆ ಮುಗಿಯಿತು. ಹೊಂದಿಕೊಳ್ಳದಿದ್ದರೆ ಅದೇ ದಪ್ಪದ ಹಗುರ ಗ್ರಿಪ್ ಹುಡುಕಿ. ಹಗುರ ಮಾದರಿಗಳು 40 ಗ್ರಾಂಗಿಂತಲೂ ಕಡಿಮೆ ತೂಗುತ್ತವೆ. ಅದೂ ಬೇಡವೆಂದಾದರೆ ಹೆಡ್ಡಿಗೆ 2 ಗ್ರಾಂ, ಹೆಚ್ಚೆಂದರೆ 3 ಗ್ರಾಂ ಸೇರಿಸಿ ನಿಲ್ಲಿಸಿ. ಇಳಿದ ಮೂರು ಅಂಕವನ್ನೂ ಹೆಡ್ಡಿನಿಂದ ಮರಳಿ ತರಲು ಹೋಗಬೇಡಿ.

ಗ್ರಿಪ್ ತೆಗೆಯುವಾಗ ಗ್ರಾಫೈಟ್ ಶಾಫ್ಟಿಗೆ ಕೊಕ್ಕೆ ಬ್ಲೇಡ್ ಮಾತ್ರ ಬಳಸಿ, ಮೈಯಿಂದ ಹೊರಕ್ಕೆ ಕತ್ತರಿಸಿ. ನೇರ ಬ್ಲೇಡ್ ನಾರನ್ನು ಗೀರುತ್ತದೆ. ಆ ಗೀರು ಗ್ರಿಪ್ ಕೆಳಗೆ ಅಡಗಿ ಕೂತು ಮುಂದೊಂದು ದಿನ ಶಾಫ್ಟ್ ಮುರಿಯುತ್ತದೆ.

ಶಾಫ್ಟ್ ಅಥವಾ ಉದ್ದ ಬದಲಾದಾಗ

ಇಲ್ಲಿ ಹೆಡ್ಡಿಗೆ ತೂಕ ಸೇರಿಸುವುದು ನ್ಯಾಯವಾದ ಪರಿಹಾರ. 120 ಗ್ರಾಂ ಸ್ಟೀಲ್ ತೆಗೆದು 70 ಗ್ರಾಂ ಗ್ರಾಫೈಟ್ ಹಾಕಿದರೆ 50 ಗ್ರಾಂ ಹೋಯಿತು. ಸ್ವಿಂಗ್ ವೇಟ್ 5–6 ಅಂಕ ಇಳಿಯುತ್ತದೆ, ಜಡತ್ವವೂ ನಿಜವಾಗಿ ಕಡಿಮೆಯಾಗುತ್ತದೆ. ಹೆಡ್ ಕೈಗೆ ಸಿಗುತ್ತಿಲ್ಲ ಎಂಬ ದೂರು ಇಲ್ಲಿ ಸುಳ್ಳಲ್ಲ. ಪೂರ್ತಿ ಸರಿದೂಗಿಸಲು 10–12 ಗ್ರಾಂ ಬೇಕು. ಆದರೂ ಒಂದೇ ಸಲಕ್ಕೆ ಅಷ್ಟನ್ನೂ ತುಂಬಬೇಡಿ. ಒಟ್ಟು ತೂಕ ಹಗುರಾದಾಗ ಕೆಲವರ ಕೈಗೆ ಎರಡು ಮೂರು ಅಂಕ ಕಡಿಮೆಯೇ ಹಿತವಾಗುತ್ತದೆ. ಅದು ಮುಂದೆ ಹೇಳಿರುವ ಟೇಪ್ ಪರೀಕ್ಷೆಯಲ್ಲೇ ಗೊತ್ತಾಗಬೇಕು.

ಇನ್ನೊಂದು ಬಗೆಯ ದೂರು ಇದೆ: ಹೆಡ್ ತಿಳಿಯುತ್ತದೆ, ಆದರೆ ಇಡೀ ಕ್ಲಬ್ ಹಗುರಾಗಿ, ಬೀಸು ಅವಸರವಾಗುತ್ತಿದೆ. ಇದು ಒಟ್ಟು ತೂಕದ ಕೊರತೆ. ಪರೀಕ್ಷಿಸಲು ಸುಲಭ ಉಪಾಯವಿದೆ. ಗ್ರಿಪ್ ತುದಿಯಿಂದ ಸುಮಾರು 35 ಸೆಂ.ಮೀ. ದೂರದಲ್ಲಿ, ಶಾಫ್ಟಿನ ಸುತ್ತ 8–10 ಗ್ರಾಂ ಸೀಸದ ಟೇಪ್ ಸುತ್ತಿ. ಅದು ಮಾಪಕದ ಆಧಾರ ಬಿಂದುವಿನ ಮೇಲೇ ಬೀಳುವುದರಿಂದ ಸ್ವಿಂಗ್ ವೇಟ್ ಕದಲುವುದಿಲ್ಲ, ಒಟ್ಟು ತೂಕ ಮಾತ್ರ ಏರುತ್ತದೆ. ಬೀಸು ನಿಧಾನವಾಗಿ ಹಿಡಿತಕ್ಕೆ ಬಂದರೆ ಬೇಕಿರುವುದು ಭಾರವಾದ ಶಾಫ್ಟ್, ಹೆಡ್ಡಿನ ಸೀಸವಲ್ಲ.

ಡ್ರೈವರ್ ಒಂದು ಇಂಚು ಕತ್ತರಿಸಿಕೊಂಡವರು 4–5 ಅಂಕ ಕಳೆದುಕೊಂಡಿರುತ್ತಾರೆ. ಮರಳಿ ತರಲು 7–8 ಗ್ರಾಂ ಬೇಕು. ತಿರುಪು ತೂಕ ಇರುವ ಹೆಡ್ ಆದರೆ ಅಲ್ಲೇ ಭಾರವಾದ ಸ್ಕ್ರೂ ಹಾಕಿ. ಉದ್ದ ಹೆಚ್ಚಿಸಿದವರದು ಇದಕ್ಕೆ ತಿರುಗುಮುರುಗು. ಐರನ್‌ಗೆ ಒಂದು ಇಂಚು ಸೇರಿಸಿದರೆ 6 ಅಂಕ ಏರುತ್ತದೆ, ಹೆಡ್ಡಿನಿಂದ ಅಷ್ಟು ತೂಕ ಕೆತ್ತಿ ತೆಗೆಯುವುದು ಸಾಮಾನ್ಯವಾಗಿ ಆಗದ ಕೆಲಸ. ಹಗುರ ಶಾಫ್ಟ್ ಒಂದೇ ಪ್ರಾಮಾಣಿಕ ದಾರಿ. ಗ್ರಿಪ್ ತುದಿಗೆ ತೂಕ ತುಂಬಿದರೆ ಮಾಪಕ ಇಳಿಯುತ್ತದೆಯೇ ಹೊರತು ಬೀಸುವ ಭಾರ ಇಳಿಯುವುದಿಲ್ಲ.

ಸೆಟ್ಟಿನಲ್ಲಿ ಒಂದೇ ಕ್ಲಬ್ ಬೇರೆಯಾಗಿ ವರ್ತಿಸಿದರೆ

ಹಾಳೆಯಲ್ಲಿ ಆ ಕ್ಲಬ್ಬಿನ ಸಾಲನ್ನು ಅಕ್ಕಪಕ್ಕದವುಗಳ ಜೊತೆ ಇಟ್ಟು ಓದಿ. ಒಟ್ಟು ತೂಕವೂ ಸ್ವಿಂಗ್ ವೇಟೂ ಎರಡೂ ಕಡಿಮೆ ಇದ್ದರೆ ಹೆಡ್ ಹಗುರ: ಅದರ ಜೊತೆಗಾರರಲ್ಲಿ ಹೊಸೆಲ್ (ಶಾಫ್ಟ್ ಕೂರುವ ಹೆಡ್ಡಿನ ಕೊಳವೆ) ಒಳಗೆ ತುದಿ ತೂಕ (ಶಾಫ್ಟಿನ ತುದಿಗೆ ಹಾಕುವ ಸಣ್ಣ ಲೋಹದ ತುಂಡು) ಇದ್ದು ಇದರಲ್ಲಿ ಇಲ್ಲದಿರಬಹುದು. ಒಟ್ಟು ತೂಕ ಹೆಚ್ಚಿದ್ದು ಸ್ವಿಂಗ್ ವೇಟ್ ಕಡಿಮೆ ಇದ್ದರೆ ತೂಕ ಗ್ರಿಪ್ ಕಡೆ ಇದೆ: ಹಳೆಯ ಟೇಪ್ ತೆಗೆಯದೆ ಅದರ ಮೇಲೆಯೇ ಹೊಸದು ಸುತ್ತಿರುತ್ತಾರೆ. ಒಟ್ಟು ತೂಕ ಸರಿಯಿದ್ದು ಸ್ವಿಂಗ್ ವೇಟ್ ಮಾತ್ರ ಏರಿದ್ದರೆ ಮೊದಲು ಉದ್ದ, ಆಮೇಲೆ ಗ್ರಿಪ್ ತೂಕ ನೋಡಿ. ನಾಲ್ಕೂ ಅಳತೆ ಸಾಲಿನಲ್ಲೇ ಇದ್ದರೆ ದೋಷ ತೂಕದ್ದಲ್ಲ. ಲೈ (ಶಾಫ್ಟಿಗೂ ನೆಲಕ್ಕೂ ನಡುವಿನ ಕೋನ) ಅಥವಾ ಲಾಫ್ಟ್ (ಹೆಡ್ಡಿನ ಮುಖದ ಓರೆ) ಬದಲಾಗಿರಬಹುದು, ಶಾಫ್ಟಿನ ಬಿಗಿ ಬೇರೆ ಇರಬಹುದು. ಆಗ ಟೇಪ್ ಡಬ್ಬಿ ಮುಚ್ಚಿಡಿ.

ಒಂದು ಅಂಕದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಕಾರ್ಖಾನೆಯಿಂದ ಬಂದ ಸೆಟ್ಟಿನಲ್ಲೂ ಅಷ್ಟು ಇರುತ್ತದೆ. ಎರಡು ದಾಟಿದರೆ ಗಮನ ಕೊಡಿ.

ಸದ್ದು ಬಂದರೆ

ಹೊಡೆದಾಗ ‘ಟಕ್’ ಎಂಬ ಸಣ್ಣ ಸದ್ದು ಬರುವ ಡ್ರೈವರ್‌ನಲ್ಲಿ ಹೊಸೆಲ್ ಅಡಾಪ್ಟರ್ ಸ್ಕ್ರೂ ಮತ್ತು ತೂಕದ ಸ್ಕ್ರೂಗಳನ್ನು ಮೊದಲು ನೋಡಿ. ತಯಾರಕರು ಕೊಟ್ಟ ಟಾರ್ಕ್ ಕೀಲಿಯಿಂದಲೇ ಬಿಗಿಯಿರಿ. ಬಹುಪಾಲು ಕೀಲಿಗಳು 40 ಇಂಚು-ಪೌಂಡ್, ಅಂದರೆ ಸುಮಾರು 4.5 ನ್ಯೂಟನ್ ಮೀಟರ್‌ಗೆ ಕ್ಲಿಕ್ ಆಗುತ್ತವೆ. ಸಾಮಾನ್ಯ ಎಲ್ ಕೀಲಿಯಿಂದ ಅದಕ್ಕಿಂತ ಬಿಗಿದರೆ ಮೃದು ಲೋಹದಲ್ಲಿ ಕೊರೆದ ತಿರುಪಿನ ಮರೆ ಕಿತ್ತುಬರುತ್ತದೆ. ಕ್ಲಿಕ್ ಆದ ಮೇಲೂ ಸದ್ದು ಹೋಗದಿದ್ದರೆ ಸ್ಕ್ರೂ ಬಿಚ್ಚಿ, ಗೂಡಿನಲ್ಲಿ ಮರಳು ಕೂತಿದೆಯೇ ನೋಡಿ, ಬ್ರಷ್‌ನಿಂದ ತೆಗೆದು ಮತ್ತೆ ಹಾಕಿ.

ಅಲ್ಲಾಡಿಸಿದಾಗ ಗಿಲಕಿ ಸದ್ದು ಬಂದರೆ ಕ್ಲಬ್ಬನ್ನು ಅಡ್ಡ ಹಿಡಿದು ನಿಧಾನವಾಗಿ ಒಂದು ತುದಿ ಎತ್ತಿ, ಆಮೇಲೆ ಇನ್ನೊಂದು ತುದಿ. ಚೂರು ಶಾಫ್ಟಿನುದ್ದಕ್ಕೂ ಉರುಳಿ ಹೋದರೆ ಅದು ಕಿತ್ತುಬಂದ ಎಪಾಕ್ಸಿ, ತುಕ್ಕಿನ ಹಕ್ಕಳೆ ಅಥವಾ ಸಡಿಲವಾದ ತುದಿ ತೂಕ. ಗ್ರಿಪ್ ತೆಗೆದು ಬಗ್ಗಿಸಿದರೆ ಹೊರಬರುತ್ತದೆ. ಬಿದ್ದದ್ದು ಹಿತ್ತಾಳೆ ಅಥವಾ ಟಂಗ್‌ಸ್ಟನ್ ತುಂಡಾಗಿದ್ದರೆ ಎಸೆಯಬೇಡಿ, ತೂಗಿ ಬರೆದಿಡಿ. ಆ ಕ್ಲಬ್ಬಿನ ಸ್ವಿಂಗ್ ವೇಟ್ ಅಷ್ಟು ಗ್ರಾಂ ನಂಬಿಕೊಂಡೇ ಹೊಂದಿಸಿದ್ದು. ಸದ್ದು ಹೆಡ್ಡಿನೊಳಗೇ ಸುತ್ತುತ್ತಿದ್ದರೆ ತೂಕದ ಸ್ಕ್ರೂ ತೆಗೆದು, ರಂಧ್ರದ ಮೂಲಕ ಒಳಗೆ 2 ಗ್ರಾಂ ಅಂಟು ಬಿಸಿ ಮಾಡಿ ಹಾಕುತ್ತಾರೆ. ಅದು ಆರುವ ಮೊದಲು ಹೆಡ್ ತಿರುಗಿಸಿ ಚೂರನ್ನು ಅದಕ್ಕೆ ಅಂಟಿಸಿಬಿಡುತ್ತಾರೆ. ಸೇರಿಸಿದ ಆ 2 ಗ್ರಾಂ ಕೂಡ ಒಂದು ಅಂಕ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಟೇಪ್ ಪರೀಕ್ಷೆ

ಅರ್ಧ ಇಂಚು ಅಗಲದ ಸಾಮಾನ್ಯ ಸೀಸದ ಟೇಪ್ 10 ಸೆಂ.ಮೀ. ಉದ್ದಕ್ಕೆ ಸುಮಾರು 2 ಗ್ರಾಂ ತೂಗುತ್ತದೆ. ದಪ್ಪ ಮಾದರಿಗಳು ಅದರ ಎರಡರಷ್ಟಕ್ಕೂ ಹೆಚ್ಚು. ಹಾಗಾಗಿ ಉದ್ದ ನಂಬದೆ ತುಣುಕನ್ನೇ ತೂಗಿ. ಸೀಸ ವಿಷ. ಹಲ್ಲಿನಿಂದ ಕತ್ತರಿಸಬೇಡಿ, ಕೆಲಸವಾದ ಮೇಲೆ ಕೈ ತೊಳೆಯಿರಿ, ಕತ್ತರಿಸಿದ ಚೂರು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಅಂಟಿಸುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಆರಿದ ಮೇಲೆ ಟೇಪ್ ಇಟ್ಟು ಟೀ ಕಡ್ಡಿಯ (ಚೆಂಡು ಇಡಲು ನೆಲಕ್ಕೆ ಚುಚ್ಚುವ ಗೂಟ) ಬದಿಯಿಂದ ನಡುವಿನಿಂದ ಅಂಚಿಗೆ ಉಜ್ಜಿ. ಅಂಚು ಎದ್ದಿದ್ದರೆ ಹುಲ್ಲಿಗೆ ಸಿಕ್ಕಿ ಸುಲಿಯುತ್ತದೆ. ಜಾಗ: ಐರನ್‌ನಲ್ಲಿ ಹಿಂಬದಿ, ಚೆಂಡು ತಾಗುವ ಸರಿಯಾದ ಬಿಂದುವಿನ ನೇರ ಹಿಂದೆ. ಡ್ರೈವರ್‌ನಲ್ಲಿ ತಳದ ನಡುವೆ.

ಮೊದಲು ಏನೂ ಸೇರಿಸದೆ 10 ಚೆಂಡು ಹೊಡೆಯಿರಿ. ಹೆಡ್ಡಿನ ಮುಖದ ಮೇಲೆ ಒಣ ಪೌಡರ್ ಸ್ಪ್ರೇ ಹಾಕಿದ್ದರೆ ಚೆಂಡು ಎಲ್ಲಿ ತಾಗಿತು ಎಂದು ಕಾಣುತ್ತದೆ. ಪ್ರತಿ ಸುತ್ತಿನ ಗುರುತುಗಳ ಚಿತ್ರ ತೆಗೆದು ಒರೆಸಿ. ಆಮೇಲೆ 4 ಗ್ರಾಂ ಸೇರಿಸಿ 10, 8 ಗ್ರಾಂ ಸೇರಿಸಿ 10. ಎರಡೆರಡೇ ಗ್ರಾಂ ಏರಿಸುತ್ತಾ ಹೋದರೆ ಕೈ ಒಗ್ಗಿಕೊಂಡು ವ್ಯತ್ಯಾಸ ತಿಳಿಯದೆ ಹೋಗುತ್ತದೆ. ಸ್ಪಷ್ಟವಾಗಿ ಅತಿಯಾಯಿತು ಅನ್ನಿಸುವವರೆಗೆ ಹೋಗಿ, ಅಲ್ಲಿಂದ 2 ಗ್ರಾಂ ಲೆಕ್ಕದಲ್ಲಿ ಹಿಂದೆ ಬನ್ನಿ. ಸಾಧ್ಯವಾದರೆ ಬೇರೆಯವರ ಕೈಲಿ ಟೇಪ್ ಅಂಟಿಸಿ, ಎಷ್ಟು ಎಂದು ತಿಳಿಯದೆ ಹೊಡೆಯಿರಿ. ತೂಕ ಗೊತ್ತಿದ್ದರೆ ಮನಸ್ಸು ಮೊದಲೇ ತೀರ್ಪು ಕೊಟ್ಟಿರುತ್ತದೆ.

ನೋಡಬೇಕಾದದ್ದು ಅತಿ ದೂರ ಹೋದ ಒಂದು ಚೆಂಡನ್ನಲ್ಲ, ಮುಖದ ಮೇಲಿನ ಗುರುತುಗಳು ಎಷ್ಟು ಒತ್ತಾಗಿವೆ ಎಂಬುದನ್ನು. ಹೆಡ್ ತೀರಾ ಹಗುರಾಗಿದ್ದರೆ ಗುರುತುಗಳು ಎಲ್ಲೆಂದರಲ್ಲಿ ಚೆದುರುತ್ತವೆ, ಮೇಲಿನಿಂದ ಇಳಿಯುವಾಗ ಕೈ ಅವಸರಿಸುತ್ತದೆ, ಚೆಂಡಿನ ತಲೆಗೆ ತಾಗುವ ಹೊಡೆತ ಹೆಚ್ಚುತ್ತದೆ. ತೀರಾ ಭಾರವಾದರೆ ಮುಖ ತಡವಾಗಿ ನೇರವಾಗುತ್ತದೆ, ಗುರುತುಗಳು ಒತ್ತಾಗಿದ್ದರೂ ಒಂದೇ ಕಡೆಗೆ ಸರಿಯುತ್ತವೆ. ತಾಜಾ ಇದ್ದಾಗ ಸಿಕ್ಕ ಉತ್ತರವನ್ನು ಇನ್ನೊಂದು ದಿನ, ದಣಿದ ಮೇಲೆ ಮತ್ತೆ ಪರೀಕ್ಷಿಸಿ. ದಣಿವಿನಲ್ಲೂ ನಿಲ್ಲುವ ತೂಕವೇ ನಿಮ್ಮದು.

ಟೇಪನ್ನು ಹೀಲ್ (ಹೆಡ್ಡಿನಲ್ಲಿ ಶಾಫ್ಟ್ ಇರುವ ಬದಿ) ಕಡೆ ಹಾಕಿದರೆ ಎಡಕ್ಕೆ, ಟೋ (ಅದರ ಎದುರು ತುದಿ) ಕಡೆ ಹಾಕಿದರೆ ಬಲಕ್ಕೆ ಚೆಂಡು ತಿರುಗುತ್ತದೆ ಎಂಬ ಮಾತು ಬಲಗೈ ಆಟಗಾರರ ಮಟ್ಟಿಗೆ ದಿಕ್ಕಿನಲ್ಲಿ ಸರಿ, ಪ್ರಮಾಣದಲ್ಲಿ ಅತಿ. 200 ಗ್ರಾಂ ಡ್ರೈವರ್ ಹೆಡ್ಡಿನಲ್ಲಿ ಗುರುತ್ವ ಕೇಂದ್ರದಿಂದ 4 ಸೆಂ.ಮೀ. ಪಕ್ಕಕ್ಕೆ 4 ಗ್ರಾಂ ಅಂಟಿಸಿದರೆ ಕೇಂದ್ರ ಸರಿಯುವುದು 0.8 ಮಿ.ಮೀ. ಕೂಡ ಅಲ್ಲ. ಆ ಅಷ್ಟರಿಂದ ಸ್ಲೈಸ್ (ಚೆಂಡು ಬಲಕ್ಕೆ ತಿರುಗಿ ಹೋಗುವುದು) ನಿಲ್ಲುವುದಿಲ್ಲ.

ಶಾಶ್ವತಗೊಳಿಸುವುದು

4 ಗ್ರಾಂವರೆಗೆ ಟೇಪೇ ಸಾಕು, ಚೆನ್ನಾಗಿ ಉಜ್ಜಿದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಹೇಗೂ ಶಾಫ್ಟ್ ಬಿಚ್ಚುವ ಸಂದರ್ಭ ಬಂದರೆ ಹೊಸೆಲ್ ಒಳಗೆ ಕೂರುವ 2, 4, 6 ಗ್ರಾಂನ ತುದಿ ತೂಕ ಹಾಕಬಹುದು. ಶಾಫ್ಟ್ ತುದಿಯ ಅಳತೆ ನೋಡಿ ಕೊಳ್ಳಿ: ಐರನ್‌ಗಳಲ್ಲಿ 0.355 ಅಥವಾ 0.370 ಇಂಚು, ವುಡ್‌ಗಳಲ್ಲಿ (ಡ್ರೈವರ್ ಬಗೆಯ ದಪ್ಪ ಹೆಡ್ಡಿನ ಕ್ಲಬ್ಬುಗಳು) ಸಾಮಾನ್ಯವಾಗಿ 0.335. ತೂಕದ ಕಾಂಡ ಹೊಸೆಲ್ ಮೇಲಂಚನ್ನು ದಾಟಿ ಶಾಫ್ಟಿನೊಳಗೆ ಚಾಚಬಾರದು. ಚಾಚಿದರೆ ಗ್ರಾಫೈಟ್ ಬಾಗುವಾಗ ಅದರ ತುದಿಯಲ್ಲೇ ಒತ್ತಡ ಸೇರಿ, ಫೆರೂಲ್ (ಹೊಸೆಲ್ ಮೇಲಂಚಿನ ಬಳೆ) ಪಕ್ಕದಲ್ಲೇ ಬಿರುಕು ಬಿಡುತ್ತದೆ. ಹೊಸೆಲ್ಲಿಗೆ ಸೇರಿಸಿದ ತೂಕ ಗುರುತ್ವ ಕೇಂದ್ರವನ್ನು ಹೀಲ್ ಕಡೆ ಎಳೆಯುತ್ತದೆ. 260 ಗ್ರಾಂ ಐರನ್‌ನಲ್ಲಿ 8 ಗ್ರಾಂ ಹಾಕಿದರೆ 1 ಮಿ.ಮೀ.ಗಿಂತ ಹೆಚ್ಚು. ಆದ್ದರಿಂದ 6 ಗ್ರಾಂ ದಾಟಿದ್ದನ್ನು ಹೆಡ್ಡಿನ ಹಿಂಬದಿಗೆ ಹಂಚಿ.

ಶಾಫ್ಟನ್ನು ಬಿಸಿಮಾಡಿ ತೆಗೆಯುವಾಗ ಶಾಖ ಹೊಸೆಲ್ಲಿಗೆ ಮಾತ್ರ ತಾಗಲಿ. ಗ್ರಾಫೈಟ್ ಆದರೆ ತಿರುಚದೆ ಪುಲ್ಲರ್‌ನಿಂದ ನೇರವಾಗಿ ಎಳೆಯಿರಿ. ಮತ್ತೆ ಅಂಟಿಸಿದ ಎಪಾಕ್ಸಿಗೆ 24 ಗಂಟೆ ಕೊಡಿ.

ಪಟರ್

ಚೆಂಡನ್ನು ಕುಳಿಗೆ ಉರುಳಿಸುವ ಈ ಕ್ಲಬ್ಬಿನಲ್ಲಿ ಸ್ವಿಂಗ್ ವೇಟ್ ಸಂಖ್ಯೆಗೆ ಹೆಚ್ಚು ಅರ್ಥವಿಲ್ಲ. ಹೆಡ್ 340–370 ಗ್ರಾಂ, ಗ್ರಿಪ್ 60ರಿಂದ 130 ಗ್ರಾಂವರೆಗೆ ಏನೂ ಇರಬಹುದು. ಹೊಡೆತ ಕುಟುಕಿದಂತಾಗಿ ಚಿಕ್ಕ ಪಟ್ ತಪ್ಪುತ್ತಿದ್ದರೆ ಹೆಡ್ಡಿಗೆ 10 ಗ್ರಾಂ ಸೇರಿಸಿ ನೋಡಿ, ಪಟರ್‌ನಲ್ಲಿ 2 ಗ್ರಾಂ ತಿಳಿಯುವುದೇ ಇಲ್ಲ. ಹೆಡ್ ಭಾರ ಇಷ್ಟವಿದ್ದೂ ಮಣಿಕಟ್ಟು ಅಲುಗುತ್ತಿದ್ದರೆ ಗ್ರಿಪ್ ತುದಿಯೊಳಗೆ 50 ಗ್ರಾಂನ ತೂಕ ಕೂರಿಸಿ ಒಂದು ವಾರ ಬಳಸಿ. ಗ್ರಿಪ್ ತುದಿಯ ತೂಕಕ್ಕೆ ನಿಜವಾದ ಕೆಲಸ ಇರುವುದು ಇಲ್ಲೇ.

ಆಟದ ನಡುವೆ ಮುಟ್ಟಬಾರದ್ದು

ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ನಿಯಮದಂತೆ ಸುತ್ತು ಶುರುವಾಗುವ ಮೊದಲು ಸೀಸದ ಟೇಪ್ ಅಂಟಿಸುವುದು ಸರಿ. ಸುತ್ತು ಶುರುವಾದ ಮೇಲೆ ಟೇಪ್ ಸೇರಿಸುವುದು, ತೆಗೆಯುವುದು, ತೂಕದ ಸ್ಕ್ರೂ ಅದಲುಬದಲು ಮಾಡುವುದು ನಿಷಿದ್ಧ. ಹಾಗೆ ಬದಲಿಸಿದ ಕ್ಲಬ್ಬಿನಿಂದ ಹೊಡೆದರೆ ಅನರ್ಹತೆಯ ದಂಡವಿದೆ. ಆಡುತ್ತಾ ಆಡುತ್ತಾ ಟೇಪ್ ತಾನಾಗಿ ಕಿತ್ತುಬಂದರೆ ಅದನ್ನು ಅದೇ ಜಾಗಕ್ಕೆ ಮತ್ತೆ ಅಂಟಿಸಬಹುದು. ಪರೀಕ್ಷೆಗೆ ಹಾಕಿದ ಟೇಪನ್ನು ಸ್ಪರ್ಧೆಯ ಹಿಂದಿನ ಸಂಜೆಯೇ ತೆಗೆದುಬಿಡಿ, ಇಲ್ಲವೇ ಅಂಚು ಏಳದಂತೆ ಗಟ್ಟಿಯಾಗಿ ಉಜ್ಜಿಡಿ.